ಕಳೆಯುವ ಲೆಕ್ಕ ಎಲ್ಲಿ ತಪ್ಪುತ್ತಿದೆ? ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಮೂರನೇ, ನಾಲ್ಕನೇ, ಐದನೇ ತರಗತಿಯ ಮಕ್ಕಳ ಲೆಕ್ಕದ ಪುಸ್ತಕ ತಿದ್ದುವವರಿಗಾಗಿ ಇದನ್ನು ಬರೆದಿದ್ದೇನೆ. ನೀವು ಬೆಂಗಳೂರಿನ ಸರ್ಕಾರಿ ಶಾಲೆಯ ಟೀಚರ್ ಆಗಿರಬಹುದು. ಸಂಜೆ ಮನೆಪಾಠ ಹೇಳುವವರಾಗಿರಬಹುದು. ಶನಿವಾರ ಶನಿವಾರ ಶಾಲೆಗೆ ಬಂದು ಪಾಠ ಹೇಳುವ ಐಟಿ ಕಂಪನಿಯ ಉದ್ಯೋಗಿಯೂ ಆಗಿರಬಹುದು.

ಮಗು 63 − 27 ಕ್ಕೆ 44 ಅಂತ ಬರೆದಿದೆ ಅಂದುಕೊಳ್ಳಿ. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ ‘ಗಮನ ಕೊಟ್ಟು ಮಾಡು’ ಅಂತ ಬರೆದರೆ ಆ ಮಗುವಿಗೆ ಏನೂ ಸಿಗುವುದಿಲ್ಲ. ಅದು ಗಮನ ಕೊಟ್ಟೇ ಮಾಡಿದೆ. ಅದರ ತಲೆಯಲ್ಲಿ ಒಂದು ನಿಯಮ ಕೂತಿದೆ. ಆ ನಿಯಮದ ಪ್ರಕಾರ 44 ಸರಿ. ನಾಳೆ ಇನ್ನೊಂದು ಲೆಕ್ಕ ಕೊಟ್ಟರೂ ಅದೇ ನಿಯಮದಲ್ಲಿ ಮಾಡುತ್ತದೆ. ಹಾಗಾಗಿ ನಮ್ಮ ಮೊದಲ ಕೆಲಸ ಪಾಠವನ್ನು ಮತ್ತೆ ಹೇಳುವುದಲ್ಲ. ಆ ನಿಯಮ ಯಾವುದು ಅಂತ ಹುಡುಕುವುದು.

ಇದು ಬರೀ ಊಹೆಯಲ್ಲ. ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ತಪ್ಪು ಉತ್ತರಗಳಲ್ಲಿ ಎಷ್ಟೋ ಒಂದು ಕ್ರಮಕ್ಕೆ ಬದ್ಧವಾಗಿರುತ್ತವೆ ಅಂತ ಅದರಲ್ಲಿ ತೋರಿಸಿದರು. ಒಂದು ದೋಷವಿರುವ ವಿದ್ಯಾರ್ಥಿಯ ಹಾಗೆಯೇ ಲೆಕ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಂ ಕೂಡ ಮಾಡಿದರು. ಅದಕ್ಕೆ ಬಗ್ಗಿ ಅಂತ ಹೆಸರು. ಅದು ಕೊಡುವ ಉತ್ತರಗಳನ್ನು ನೋಡಿ, ತರಬೇತಿಯಲ್ಲಿದ್ದ ಶಿಕ್ಷಕರು ದೋಷ ಯಾವುದು ಅಂತ ಹೇಳಬೇಕಿತ್ತು. ನಮಗೆ ಪ್ರೋಗ್ರಾಂ ಬೇಡ. ಒಂದು ಹಾಳೆ, ಒಂದಿಷ್ಟು ಕಡ್ಡಿ, ಸ್ವಲ್ಪ ತಾಳ್ಮೆ ಸಾಕು.

ಮೊದಲು ಪ್ರಶ್ನೆಯ ಹಾಳೆ ಸರಿ ಇರಲಿ

ತುಂಬಾ ಜನ ಇಲ್ಲೇ ಎಡವುತ್ತಾರೆ. ಸುಮ್ನೆ ತೋಚಿದ ಅಂಕಿ ಹಾಕಿ ಲೆಕ್ಕ ಕೊಟ್ಟರೆ ಎರಡು ಬೇರೆ ಬೇರೆ ದೋಷಗಳಿಗೆ ಒಂದೇ ಉತ್ತರ ಬಂದುಬಿಡುತ್ತದೆ.

62 − 27 ನೋಡಿ. ಸರಿ ಉತ್ತರ 35. ಒಂದು ಮಗು ಬಿಡಿ ಸ್ಥಾನದಲ್ಲಿ ತಲೆಕೆಳಗು ಮಾಡಿ 7ರಲ್ಲಿ 2 ಕಳೆಯುತ್ತದೆ. 5 ಬಂತು. ಹತ್ತರ ಸ್ಥಾನದಲ್ಲಿ 4. ಉತ್ತರ 45. ಇನ್ನೊಂದು ಮಗು ಪಕ್ಕದ ಸ್ಥಾನದಿಂದ ದಶಕ, ಅಂದರೆ ಒಂದು ಹತ್ತು, ತೆಗೆದುಕೊಂಡು 12ರಲ್ಲಿ 7 ಕಳೆಯುತ್ತದೆ. ಅದಕ್ಕೂ 5 ಬಂತು. ಆದರೆ 6ನ್ನು 5 ಮಾಡಲು ಮರೆಯುತ್ತದೆ. ಅದರ ಉತ್ತರವೂ 45. ಮೊದಲನೆಯದಕ್ಕೆ ದಶಕ ಬಿಡಿಸುವುದೇ ಗೊತ್ತಿಲ್ಲ. ಎರಡನೆಯದಕ್ಕೆ ಮುಕ್ಕಾಲು ಪಾಲು ಗೊತ್ತಿದೆ. ಉತ್ತರ ನೋಡಿ ಇಬ್ಬರನ್ನೂ ಬೇರೆ ಮಾಡಲು ಆಗುವುದೇ ಇಲ್ಲ.

ಕೆಳಗಿನ ಅಂಕಿ ಮೇಲಿನದಕ್ಕಿಂತ ಸರಿಯಾಗಿ 5 ಜಾಸ್ತಿ ಇದ್ದಾಗಲೆಲ್ಲ ಹೀಗೇ ಆಗುತ್ತದೆ. ಹಾಗಾಗಿ 2ರ ಕೆಳಗೆ 7, 3ರ ಕೆಳಗೆ 8, 1ರ ಕೆಳಗೆ 6 ಬರುವ ಲೆಕ್ಕಗಳನ್ನು ಪರೀಕ್ಷೆಯ ಹಾಳೆಯಲ್ಲಿ ಹಾಕಬೇಡಿ. ಒಂದೇ ಅಂಕಿ ಬದಲಿಸಿ 63 − 27 ಮಾಡಿ. ಆಗ ಮೊದಲ ಮಗುವಿಗೆ 44 ಬರುತ್ತದೆ, ಎರಡನೇ ಮಗುವಿಗೆ 46.

ಈ ಏಳು ಲೆಕ್ಕಗಳ ಹಾಳೆಯಿಂದ ಶುರು ಮಾಡಿ:

87 − 34
63 − 27
458 − 123
340 − 126
504 − 248
700 − 356
682 − 51 (ಇದನ್ನು ಅಡ್ಡಸಾಲಿನಲ್ಲೇ ಕೊಡಿ, ಮಗು ತಾನೇ ಕೆಳಗೆ ಕೆಳಗೆ ಬರೆದುಕೊಳ್ಳಲಿ)

ಪ್ರತಿ ಬಗೆಗೂ ಇನ್ನೊಂದು ಜೋಡಿ ಲೆಕ್ಕ ಇಟ್ಟುಕೊಂಡಿರಿ. 63 − 27 ಕ್ಕೆ ಜೋಡಿಯಾಗಿ 81 − 35, 504 − 248 ಕ್ಕೆ 403 − 167. ಒಂದು ಸಲ ತಪ್ಪಿದರೆ ಅದು ಕೈತಪ್ಪು ಇರಬಹುದು. ಜೋಡಿಯಲ್ಲೂ ಅದೇ ಥರ ತಪ್ಪಿದರೆ ಅದು ನಿಯಮ. ರಬ್ಬರ್ ಕೊಡಬೇಡಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲು ಹೇಳಿ. ಅಳಿಸಿದ ಅಂಕಿ ನಮಗೆ ಏನನ್ನೂ ಹೇಳುವುದಿಲ್ಲ.

ಮಗುವನ್ನು ಕೇಳುವ ರೀತಿ

‘ಯಾಕೆ ಹೀಗೆ ಮಾಡಿದೆ?’ ಅಂದರೆ ಮಗು ತಕ್ಷಣ ಉತ್ತರ ಹೊಡೆದು ಹಾಕುತ್ತದೆ. ಅದರ ಕಿವಿಗೆ ಅದು ಪ್ರಶ್ನೆಯಲ್ಲ, ಬೈಗುಳ. ‘ಪುಟ್ಟ, ಇದನ್ನ ಹೇಗೆ ಮಾಡಿದೆ ಅಂತ ನಂಗೆ ಹೇಳ್ತೀಯಾ?’ ಅಂತ ಕೇಳಿ. ಸರಿ ಇರುವ ಲೆಕ್ಕದ ಬಗ್ಗೆಯೂ ಹಾಗೇ ಕೇಳಿ, ಅದನ್ನೇ ಮೊದಲು ಕೇಳಿ. ಆಗ ಮಗು ಹೆದರುವುದಿಲ್ಲ.

‘ಮೂರರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಮೂರು ಕಳೆದೆ.’ ಈ ಒಂದು ಮಾತು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಮಗು ಹೇಳುವಾಗ ಮಧ್ಯೆ ತಿದ್ದಬೇಡಿ. ತಲೆ ಆಡಿಸಿ, ಬರೆದುಕೊಳ್ಳಿ.

63 − 27 ಕ್ಕೆ 44 ಬಂದರೆ

ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುವ ದೋಷ. ಅಂಕಿ ಮೇಲಿದೆಯೋ ಕೆಳಗಿದೆಯೋ ಅನ್ನುವುದನ್ನು ಮಗು ನೋಡುತ್ತಿಲ್ಲ. ನಾವೇ ಒಂದನೇ ತರಗತಿಯಲ್ಲಿ ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೀಬೇಕು’ ಅಂತ ಹೇಳಿಕೊಟ್ಟಿರುತ್ತೇವೆ. ಒಂದೊಂದೇ ಅಂಕಿಯ ಲೆಕ್ಕ ಇದ್ದಾಗ ಆ ಮಾತು ನಡೆಯುತ್ತಿತ್ತು. ಮಗು ಅದನ್ನು ನಂಬಿ ಇಲ್ಲಿಯವರೆಗೂ ತಂದಿದೆ. ದಯವಿಟ್ಟು ಆ ವಾಕ್ಯವನ್ನು ತರಗತಿಯಲ್ಲಿ ಹೇಳುವುದನ್ನು ಬಿಟ್ಟುಬಿಡಿ.

ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆ. ಒಂದು, ಪುಸ್ತಕ ಮುಚ್ಚಿ ಬಾಯಲ್ಲಿ ಕೇಳಿ: ‘ನಿನ್ನ ಹತ್ರ 63 ರೂಪಾಯಿ ಇದೆ. 27 ರೂಪಾಯಿಗೆ ಬಾಳೆಹಣ್ಣು ತಗೊಂಡೆ. ಎಷ್ಟು ಉಳೀತು?’ ಕೆಲವು ಮಕ್ಕಳು ಬೆರಳು ಮಡಚಿ 36 ಅಂತ ಸರಿಯಾಗಿ ಹೇಳುತ್ತಾರೆ. ಅಂದರೆ ಸಂಖ್ಯೆ ಗೊತ್ತಿದೆ, ಕಾಗದದ ಮೇಲಿನ ಲೆಕ್ಕಕ್ಕೂ ಅದಕ್ಕೂ ನಂಟು ಬೆಳೆದಿಲ್ಲ. ಇನ್ನೊಂದು, 27ಕ್ಕೆ 44 ಕೂಡಿಸಲು ಹೇಳಿ. 71 ಬರುತ್ತದೆ. ‘63 ಇತ್ತಲ್ವಾ, 71 ಹೇಗಾಯ್ತು?’ ಅಂತ ಅಷ್ಟಕ್ಕೇ ಬಿಡಿ. ಮಗು ಯೋಚಿಸಲಿ.

ಸರಿಪಡಿಸಲು ಕಡ್ಡಿ ಬೇಕೇ ಬೇಕು. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ. ಆರು ಕಟ್ಟು, ಮೂರು ಬಿಡಿ ಮೇಜಿನ ಮೇಲೆ ಇಡಿ. 27 ಬರೆದ ಚೀಟಿ ಪಕ್ಕಕ್ಕೆ ಇರಲಿ. 27 ಕಡ್ಡಿಗಳನ್ನು ಇಡಬೇಡಿ. ಎರಡನ್ನೂ ಇಟ್ಟರೆ ಮಗು ಯಾವುದರಿಂದ ಯಾವುದನ್ನು ತೆಗೆಯಬೇಕು ಅಂತ ಗೊಂದಲಕ್ಕೆ ಬೀಳುತ್ತದೆ, ಕೂಡಿಸಿಬಿಡುವುದೂ ಉಂಟು. ‘ಏಳು ಬಿಡಿ ಕೊಡು’ ಅನ್ನಿ. ಮೂರೇ ಇವೆ. ಇಲ್ಲಿ ನೀವು ಸುಮ್ಮನಿರಬೇಕು. ರಬ್ಬರ್ ಬ್ಯಾಂಡ್ ಬಿಚ್ಚುವ ಯೋಚನೆ ಮಗುವಿನದೇ ಆಗಬೇಕು. ಬಿಚ್ಚಿದ ಮೇಲೆ ತೆಗೆಯುವ ಮೊದಲು ಕೇಳಿ: ‘ಈಗ ಒಟ್ಟು ಎಷ್ಟಿದೆ?’ ಕೆಲವು ಮಕ್ಕಳು 73 ಅನ್ನುತ್ತಾರೆ, ಕೆಲವರು ಮೊದಲಿಂದ ಎಣಿಸುತ್ತಾರೆ. ಐದು ಕಟ್ಟು, ಹದಿಮೂರು ಬಿಡಿ ಸೇರಿದರೂ ಅದೇ 63 ಅಂತ ಮಗು ತಾನಾಗಿ ಹೇಳುವವರೆಗೂ ಮುಂದೆ ಹೋಗಬೇಡಿ. ಈ ಲೆಕ್ಕದ ತಿರುಳು ಅದೇ.

ಕಡ್ಡಿಯಲ್ಲಿ ಬಂದ ತಕ್ಷಣ ಕಾಗದದಲ್ಲೂ ಬರುತ್ತದೆ ಅಂದುಕೊಳ್ಳಬೇಡಿ. ಪ್ರತಿ ಸಲ ಕಡ್ಡಿ ಸರಿಸಿದಾಗಲೂ ಅದನ್ನೇ ಪುಸ್ತಕದಲ್ಲಿ ಬರೆಸಿ: ಒಂದು ಕಟ್ಟು ಬಿಚ್ಚಿದೆ, 6 ಹೊಡೆದು 5 ಬರಿ, ಬಿಡಿ ಹದಿಮೂರಾಯ್ತು, 13 ಬರಿ. ಕೈ ಮಾಡಿದ್ದನ್ನು ಪೆನ್ಸಿಲ್ ಕೂಡಲೇ ಬರೆಯಬೇಕು.

ಇನ್ನೊಂದು ಸಣ್ಣ ಅಭ್ಯಾಸ. ಹತ್ತು ಲೆಕ್ಕ ಬರೆದುಕೊಡಿ, ಉತ್ತರ ಬೇಡ. ‘ಇಲ್ಲಿ ಕಟ್ಟು ಬಿಚ್ಚಬೇಕಾ, ಬೇಡ್ವಾ?’ ಅಷ್ಟು ಮಾತ್ರ ಹೇಳಲಿ. ನನ್ನ ಅನುಭವದಲ್ಲಿ ಪುಟಗಟ್ಟಲೆ ಲೆಕ್ಕ ಮಾಡಿಸುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ಅದೇ 63 − 27 ಕ್ಕೆ 46 ಬಂದರೆ, 26 ಬಂದರೆ

ಇಲ್ಲಿಂದ ಮುಂದೆ ಒಂದು ಕೆಲಸ ಮಾಡಿ. ಮಗುವಿನ ಉತ್ತರ ಸರಿ ಉತ್ತರಕ್ಕಿಂತ ಎಷ್ಟು ಜಾಸ್ತಿ ಅಥವಾ ಎಷ್ಟು ಕಡಿಮೆ ಅಂತ ನೋಡಿ. ದೋಷ ಎಲ್ಲಿದೆ ಅಂತ ಆ ವ್ಯತ್ಯಾಸವೇ ಹೇಳುತ್ತದೆ.

46 ಅಂದರೆ 10 ಜಾಸ್ತಿ. ಬಿಡಿಗೆ ಹತ್ತು ಬಂತು, ಹತ್ತರ ಮನೆಯಿಂದ ಹೋಗಲಿಲ್ಲ. ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಅಂತ ಹೇಳಿಕೊಟ್ಟ ಕಡೆ ಇದು ಜಾಸ್ತಿ ಕಾಣುತ್ತದೆ. ಆ ಮಾತಿನಲ್ಲಿ ತಗೊಳ್ಳುವುದಷ್ಟೇ ಇದೆ, ಪಕ್ಕದ ಮನೆಯಲ್ಲಿ ಏನು ಉಳಿಯಿತು ಅನ್ನುವುದು ಇಲ್ಲ. ಕ್ರಮ ಬದಲಿಸಿ. ಮೊದಲು 6 ಹೊಡೆದು 5 ಬರೆಯಬೇಕು, ಆಮೇಲೇ 3 ಹೋಗಿ 13 ಆಗಬೇಕು. ಸ್ವಲ್ಪ ದಿನ 63 = 50 + 13 ಅಂತ ಪಕ್ಕದಲ್ಲಿ ಬಿಡಿಸಿ ಬರೆಯಲಿ. ಮೇಲೆ ಬರೆದುಕೊಳ್ಳುವ ಆ ಚಿಕ್ಕ ಅಂಕಿಗಳನ್ನು ಗೀಚು ಅಂತ ಬೈಯುವವರಿದ್ದಾರೆ. ಪುಸ್ತಕ ಚೊಕ್ಕ ಕಾಣಬೇಕು ಅನ್ನುವ ಆಸೆ ಅವರದು. 1939ರಲ್ಲೇ ಅಮೆರಿಕದ ಶಿಕ್ಷಣ ಸಂಶೋಧಕ ವಿಲಿಯಂ ಬ್ರೌನೆಲ್ ಈ ಗುರುತುಗಳನ್ನು ಅಧ್ಯಯನ ಮಾಡಿ, ಕಲಿಯುವ ಹಂತದಲ್ಲಿ ಅವು ನೆರವಾಗುತ್ತವೆ ಅಂತ ತೋರಿಸಿದರು. ಇರಲಿ ಬಿಡಿ.

26 ಅಂದರೆ 10 ಕಡಿಮೆ. ಇದು ಬಂದರೆ ಮನೆಯಲ್ಲಿ ಯಾರು ಲೆಕ್ಕ ಹೇಳಿಕೊಡುತ್ತಾರೆ ಅಂತ ಕೇಳಿ. ಮೇಲಿನ ಸಂಖ್ಯೆಯ ಬಿಡಿಗೆ ಹತ್ತು ಸೇರಿಸಿ, ಕೆಳಗಿನ ಸಂಖ್ಯೆಯ ಹತ್ತರ ಸ್ಥಾನಕ್ಕೆ ಒಂದು ಸೇರಿಸುವ ಇನ್ನೊಂದು ಪದ್ಧತಿ ಇದೆ. ಎರಡೂ ಕಡೆ ಹತ್ತು ಸೇರಿದರೆ ವ್ಯತ್ಯಾಸ ಬದಲಾಗುವುದಿಲ್ಲ, ಹಾಗಾಗಿ ಆ ಪದ್ಧತಿಯೂ ಪೂರ್ತಿ ಸರಿ. ಆದರೆ ಮಗು ಶಾಲೆಯಲ್ಲಿ ಕಲಿತಂತೆ 6ನ್ನು 5 ಮಾಡಿ, ಮನೆಯಲ್ಲಿ ಕಲಿತಂತೆ 2ನ್ನು 3 ಮಾಡಿದೆ. 5ರಲ್ಲಿ 3 ಹೋದರೆ 2. ಎರಡು ಸರಿಯಾದ ಪದ್ಧತಿ ಸೇರಿ ಒಂದು ತಪ್ಪು ಉತ್ತರ. ಅಪ್ಪ ಅಮ್ಮನನ್ನು ಕರೆದು, ಅವರದು ತಪ್ಪಲ್ಲ ಅಂತ ಮೊದಲು ಹೇಳಿ. ಆಮೇಲೆ ಸದ್ಯಕ್ಕೆ ಒಂದೇ ಪದ್ಧತಿ ಇರಲಿ ಅಂತ ಕೇಳಿಕೊಳ್ಳಿ. ಬ್ರೌನೆಲ್ ಮತ್ತು ಮೋಸರ್ 1949ರಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಈ ಎರಡು ಪದ್ಧತಿಗಳನ್ನು ಹೋಲಿಸಿ ನೋಡಿದ್ದರು. ಅರ್ಥ ಮಾಡಿಸಿ ಕಲಿಸಿದ ಕಡೆ ಕಟ್ಟು ಬಿಡಿಸುವ ಪದ್ಧತಿಯೇ ಚೆನ್ನಾಗಿ ನಿಂತಿತು. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ.

37 ಬಂದರೆ

ಇದು ದಶಕದ ದೋಷವೇ ಅಲ್ಲ. ಮಗು 13ರಿಂದ ಹಿಂದಕ್ಕೆ ಎಣಿಸುವಾಗ 13ನ್ನೇ ಮೊದಲ ಬೆರಳಿಗೆ ಎಣಿಸಿಕೊಂಡಿದೆ. ಏಳನೇ ಬೆರಳಿಗೆ 7 ಬಂತು. ಬಾಯಲ್ಲಿ 13 − 7, 15 − 8 ಕೇಳಿ ನೋಡಿ. ಎರಡರಲ್ಲೂ ಒಂದು ಜಾಸ್ತಿ ಬಂದರೆ ಇದೇ ದೋಷ. ಹತ್ತರ ಮೂಲಕ ಇಳಿಯುವುದನ್ನು ಕಲಿಸಿ: 13ರಲ್ಲಿ 3 ಹೋದರೆ 10, ಇನ್ನೂ 4 ಹೋದರೆ 6. ಕಡ್ಡಿ ಕಟ್ಟುಗಳ ಪಾಠ ಈ ಮಗುವಿಗೆ ಬೇಡ, ಬೇಜಾರಾಗುತ್ತದೆ.

ಮಧ್ಯೆ ಸೊನ್ನೆ ಬಂದಾಗ

ಸರ್ಕಾರಿ ಶಾಲೆಗಳಲ್ಲಿ ನಲಿಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ, ಇರುವುದು 3ನೇ ತರಗತಿಯವರೆಗೆ. ನಾಲ್ಕಕ್ಕೆ ಬಂದಾಗ ಕಡ್ಡಿ, ಮಣಿಗಳು ಎಷ್ಟೋ ಕಡೆ ಕಪಾಟು ಸೇರಿಬಿಡುತ್ತವೆ. ಮಧ್ಯೆ ಸೊನ್ನೆ ಇರುವ ದೊಡ್ಡ ಲೆಕ್ಕಗಳು ಜೋರಾಗುವುದೂ ಆಗಲೇ. ಎರಡಂಕಿಯ ಲೆಕ್ಕ ಚೆನ್ನಾಗಿ ಮಾಡುವ ಮಗುವೂ ಇಲ್ಲಿ ನಿಂತುಬಿಡುತ್ತದೆ. ಪಕ್ಕದ ಮನೆಯಲ್ಲಿ ಏನೂ ಇಲ್ಲ, ಈಗ ಏನು ಮಾಡೋದು? ದಾರಿ ಕಾಣದೆ ನಿಂತಾಗ ಮಗು ತನಗೆ ತೋಚಿದ ಒಂದು ಉಪಾಯ ಹಾಕಿ ಮುಂದೆ ಹೋಗುತ್ತದೆ. ಬ್ರೌನ್ ಮತ್ತು ಕರ್ಟ್ ವ್ಯಾನ್‌ಲೆನ್ 1980ರಲ್ಲಿ ಈ ದೋಷಗಳ ಹುಟ್ಟನ್ನು ವಿವರಿಸಿದ್ದು ಹೀಗೆಯೇ.

504 − 248. ಸರಿ ಉತ್ತರ 256. ಈಗ ವ್ಯತ್ಯಾಸ ನೋಡುತ್ತಾ ಹೋಗೋಣ.

ಉತ್ತರ 166 ಆದರೆ 90 ಕಡಿಮೆ. ಮಗು ಸೊನ್ನೆಯನ್ನು ದಾಟಿ ಹೋಗಿ 5ರಿಂದ ಒಂದು ನೂರು ತೆಗೆದು, ಅದನ್ನು ಬಿಡಿಗೆ ಹತ್ತಾಗಿ ಕೊಟ್ಟಿದೆ. ನೂರು ಹೋಯಿತು, ಹತ್ತು ಬಂತು, ಮಧ್ಯೆ 90 ಕಳೆದುಹೋಯಿತು. ಆಮೇಲೆ ಹತ್ತರ ಸ್ಥಾನಕ್ಕೆ ಬಂದಾಗ ಮತ್ತೆ ಒಂದು ನೂರು ತೆಗೆದಿದೆ.

356 ಆದರೆ 100 ಜಾಸ್ತಿ. ‘ಸೊನ್ನೆ ಒಂಬತ್ತಾಗುತ್ತದೆ’ ಅನ್ನುವುದು ಬಾಯಿಪಾಠ ಇದೆ, ಆ ಒಂಬತ್ತು ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಹಾಗಾಗಿ 5 ಹಾಗೇ ಉಳಿದಿದೆ.

266 ಆದರೆ 10 ಜಾಸ್ತಿ. ನೂರನ್ನು ಹತ್ತು ಹತ್ತುಗಳಾಗಿ ಮಾಡಿದ್ದು ಸರಿ, ಅದರಿಂದ ಒಂದು ಹತ್ತು ಬಿಡಿಗೆ ಹೋಗಿದ್ದನ್ನು ಕಡಿಮೆ ಮಾಡಿಲ್ಲ. ಸೊನ್ನೆಯನ್ನು ಮುಟ್ಟದೆ ಬಿಡಿಗೆ ಹತ್ತು ಹಾಕಿಕೊಂಡು, ಆಮೇಲೆ ನೂರರಿಂದ ತೆಗೆದರೂ ಇದೇ ಉತ್ತರ ಬರುತ್ತದೆ. ಎರಡರಲ್ಲಿ ಯಾವುದು ಅಂತ ಮಗುವಿನ ಬಾಯಿಂದಲೇ ಕೇಳಬೇಕು.

366 ಆದರೆ 110 ಜಾಸ್ತಿ. ನೂರೂ ಕಡಿಮೆಯಾಗಿಲ್ಲ, ಹತ್ತೂ ಕಡಿಮೆಯಾಗಿಲ್ಲ. ಈ ಮಗು 63 − 27 ಕ್ಕೂ 46 ಬರೆದಿರುತ್ತದೆ, ತಿರುಗಿಸಿ ನೋಡಿ. ಹಾಗಿದ್ದರೆ ಸೊನ್ನೆಯ ಪಾಠ ಆಮೇಲೆ, ಮೊದಲು ಎರಡಂಕಿಯದು.

344 ಬಂದರೆ ಮೇಲೆ ಹೇಳಿದ ಮೊದಲ ದೋಷವೇ: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದು ಕಳೆದಿದೆ.

ಇದಕ್ಕೆ ಕಡ್ಡಿಗಿಂತ ಆಟದ ನೋಟು ಒಳ್ಳೆಯದು. ಬೆಂಗಳೂರಿನದೇ ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಕಾಗದ ಕತ್ತರಿಸಿ 100, 10, 1 ಅಂತ ಬರೆದರೂ ಆಯಿತು. ಈಗಿನ ಮಕ್ಕಳಿಗೆ ಚಿಲ್ಲರೆಯ ರೂಢಿ ಕಡಿಮೆ. ಅಂಗಡಿಯಲ್ಲಿ ಅಮ್ಮ ಫೋನ್ ಹಿಡಿದು ಸ್ಕ್ಯಾನ್ ಮಾಡುವುದನ್ನೇ ಅವು ಜಾಸ್ತಿ ನೋಡಿರುತ್ತವೆ. ಅದಕ್ಕೇ ಬಿಎಂಟಿಸಿ ಬಸ್ಸಿನ ಆಟ ಆಡಿಸಿ. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಅದು ಇನ್ನೂ ಎಷ್ಟೋ ಮಕ್ಕಳಿಗೆ ಗೊತ್ತು.

ನೂರರ ನೋಟು ಐದು, ಒಂದರ ನಾಣ್ಯ ನಾಲ್ಕು ಮಗುವಿನ ಕೈಗೆ ಕೊಡಿ. ‘ಎಂಟು ರೂಪಾಯಿ ಕೊಡು.’ ನಾಲ್ಕೇ ಇದೆ. ಹತ್ತರ ನೋಟು ಒಂದೂ ಇಲ್ಲ. ನೂರರ ನೋಟನ್ನು ಚಿಲ್ಲರೆ ಮಾಡಿಸಿದರೆ ಹತ್ತರ ಹತ್ತು ನೋಟು ಬಂತು. ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿಸಿದರೆ ಹತ್ತು ನಾಣ್ಯ ಬಂತು. ಈಗ ಕೈಯಲ್ಲಿ ಏನೇನಿದೆ? ನೂರರದು 4, ಹತ್ತರದು 9, ನಾಣ್ಯ 14. ಒಟ್ಟು ಎಣಿಸು. 400, 490, 504. ಸೊನ್ನೆ ಒಂಬತ್ತಾದದ್ದು ಹೇಗೆ ಅಂತ ಮಗು ಈಗ ಕಣ್ಣಾರೆ ನೋಡಿತು. 166 ಬರೆದ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳಿ: ‘ನೂರು ರೂಪಾಯಿ ಕೊಟ್ಟು ಹತ್ತೇ ರೂಪಾಯಿ ಚಿಲ್ಲರೆ ತಗೊಂಡ್ರೆ ಸುಮ್ನಿರ್ತೀಯಾ?’

ಇದು ಗಟ್ಟಿಯಾದ ಮೇಲೆ ಒಂದು ಒಳದಾರಿ ತೋರಿಸಿ. 504ರಲ್ಲಿ ಒಟ್ಟು ಎಷ್ಟು ಹತ್ತುಗಳಿವೆ? ಐವತ್ತು. ಐವತ್ತರಲ್ಲಿ ಒಂದು ಬಿಚ್ಚಿದರೆ ನಲವತ್ತೊಂಬತ್ತು. 50 ಹೊಡೆದು 49 ಬರಿ, ಬಿಡಿ 14. ಒಂದೇ ಹೆಜ್ಜೆ. 700 ಆದರೆ 69 ಹತ್ತು, 10 ಬಿಡಿ. ನನಗೆ ಇದೇ ತುಂಬಾ ಇಷ್ಟದ ದಾರಿ, ಯಾಕಂದ್ರೆ ಇಲ್ಲಿ ಸೊನ್ನೆಯ ಭಯವೇ ಇಲ್ಲ. ಚುರುಕಾದ ಮಗುವಿಗೆ 700 − 356ನ್ನು 699 − 355 ಮಾಡಿದರೂ ಅದೇ 344 ಬರುವುದನ್ನು ತೋರಿಸಿ, ಯಾಕೆ ಅಂತ ಅದೇ ಹೇಳಲಿ. ಆದರೆ ನೋಟಿನ ಆಟ ಬಿಟ್ಟು ನೇರವಾಗಿ ಈ ಒಳದಾರಿಗೆ ಬರಬೇಡಿ. ಆಗ ಇದೂ ಇನ್ನೊಂದು ಬಾಯಿಪಾಠವಾಗುತ್ತದೆ.

340 − 126 ರಲ್ಲಿ ಸರಿ ಉತ್ತರ 214. 220 ಬರೆದ ಮಗುವಿನ ಪ್ರಕಾರ ಸೊನ್ನೆಯಿಂದ ಏನು ಕಳೆದರೂ ಸೊನ್ನೆ. 226 ಬರೆದ ಮಗು ಸೊನ್ನೆಯನ್ನು ಕಡೆಗಣಿಸಿ 6ನ್ನೇ ಕೆಳಗಿಳಿಸಿದೆ. 63 − 27 ಅದಕ್ಕೆ ಸರಿ ಬಂದಿದ್ದರೆ ತೊಂದರೆ ಸೊನ್ನೆಯದು ಮಾತ್ರ. ಅಲ್ಲೂ 44 ಬಂದಿದ್ದರೆ ಮೊದಲ ದೋಷವೇ ಇಲ್ಲಿ ಬೇರೆ ವೇಷದಲ್ಲಿದೆ.

ಇನ್ನು ಕೆಲವು, ಬೇಗ ಸರಿಹೋಗುವಂಥವು

458 − 123 ಕ್ಕೆ 3215 ಬಂದರೆ ಮಗು ಬೇಡದ ಕಡೆಯೂ ಕಟ್ಟು ಬಿಚ್ಚಿ, 18ರಲ್ಲಿ 3 ಕಳೆದು 15 ಬರೆದಿದೆ. ಒಂದು ವಾರ ಬರೀ ದಶಕ ಸಹಿತ (ಕಟ್ಟು ಬಿಚ್ಚಬೇಕಾದ) ಲೆಕ್ಕಗಳನ್ನೇ ಮಾಡಿಸಿದರೆ ಹೀಗಾಗುತ್ತದೆ. ಬೆರಕೆ ಲೆಕ್ಕ ಕೊಡಿ.

682 − 51 ಕ್ಕೆ 172 ಬಂದರೆ 51ನ್ನು ಎಡಕ್ಕೆ ಸೇರಿಸಿ ಬರೆದಿದೆ. ಚೌಕ ಗೆರೆಯ ಪುಸ್ತಕ ಕೊಡಿ, ಬಿಡಿ ಸ್ಥಾನದಿಂದ ಬರೆಯಲು ಶುರು ಮಾಡಲಿ.

ಲೆಕ್ಕ ಹೇಳಿ ಬರೆಸುವಾಗ ಮಾತ್ರ ತಪ್ಪುವ ಮಕ್ಕಳಿದ್ದರೆ, ಸಂಖ್ಯೆಯನ್ನೇ ತಪ್ಪು ಬರೆದುಕೊಂಡಿವೆಯಾ ನೋಡಿ. ಎಂಟುನೂರ ನಾಲ್ಕು ಅಂದರೆ 8004 ಅಂತ ಬರೆಯುವುದು ಸಾಮಾನ್ಯ. ಬೆಂಗಳೂರಿನ ಒಂದೇ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ, ಪಾಠದಲ್ಲಿ ಎಣಿಕೆ ಎಷ್ಟೋ ಕಡೆ ಇಂಗ್ಲಿಷಿನಲ್ಲಿರುತ್ತದೆ. ಸೆವೆಂಟೀನ್, ಸೆವೆಂಟಿ ಕಿವಿಗೆ ಒಂದೇ ಥರ ಕೇಳುತ್ತವೆ. ಉರ್ದು, ಹಿಂದಿಯಲ್ಲಿ 45ನ್ನು ಪೈಂತಾಲೀಸ್ ಅನ್ನುವಾಗ ಬಿಡಿ ಅಂಕಿಯೇ ಮೊದಲು ಬರುತ್ತದೆ, ಆ ಮಗು 54 ಬರೆಯಬಹುದು. ಈ ಮಕ್ಕಳಿಗೆ ಕಳೆಯುವುದರಲ್ಲಿ ತೊಂದರೆ ಇಲ್ಲ.

ಅಂಕ ಕೊಡುವಾಗ

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯಲ್ಲಿ ಇಬ್ಬರು ಮಕ್ಕಳಿಗೆ ಹತ್ತಕ್ಕೆ ನಾಲ್ಕೇ ಬರಬಹುದು. ಒಬ್ಬಳಿಗೆ ದಶಕ ಬಿಡಿಸುವುದೇ ಬಾರದು. ಇನ್ನೊಬ್ಬನಿಗೆ ಎಲ್ಲ ಬರುತ್ತದೆ, ಸೊನ್ನೆ ಮಾತ್ರ ಬಾರದು, ಹಾಳೆಯಲ್ಲಿ ಸೊನ್ನೆಯ ಲೆಕ್ಕಗಳೇ ಜಾಸ್ತಿ ಇದ್ದವು. ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯ ಗುಂಪಿಗೆ ಹಾಕಿದರೆ ಇಬ್ಬರ ಸಮಯವೂ ಹಾಳು. ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆಯಲ್ಲೂ ಎರಡಂಕಿಯ ದಶಕ ಸಹಿತ ಕಳೆಯುವ ಲೆಕ್ಕ ಇರುತ್ತದೆ. ಮಗು ಯಾವ ಹಂತದಲ್ಲಿದೆ ಅಂತ ಅದು ಹೇಳುತ್ತದೆ, ಅದರ ಉದ್ದೇಶವೇ ಅಷ್ಟು. ಯಾವ ನಿಯಮ ಇಟ್ಟುಕೊಂಡು ಮಾಡುತ್ತಿದೆ ಅನ್ನುವುದನ್ನು ತರಗತಿಯಲ್ಲಿರುವ ನಾವೇ ನೋಡಬೇಕು.

ಅದಕ್ಕೇ ಅಂಕದ ಪಕ್ಕದಲ್ಲಿ ಮಗು ಬರೆದ ಉತ್ತರವನ್ನೇ ನಮೂದಿಸಿ. ‘504 − 248: 166’ ಅಂತ ಇದ್ದರೆ ಬೇರೆ ಟೀಚರ್ ಬಂದರೂ ಅವರಿಗೆ ಅರ್ಥವಾಗುತ್ತದೆ. ‘ಗಣಿತದಲ್ಲಿ ಹಿಂದುಳಿದಿದ್ದಾನೆ’ ಅಂತ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ದೋಷ ಹೋಯಿತು ಅಂತ ಗೊತ್ತಾಗುವುದು ಹೇಗೆ

ಪಾಠ ಮಾಡಿದ ದಿನವೇ ಸರಿ ಬಂದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನಿಮ್ಮ ಮುಖ ನೋಡಿಕೊಂಡೇ ಮಾಡಿರುತ್ತದೆ. ಒಂದು ವಾರ ಬಿಟ್ಟು, ಆಮೇಲೆ ಹದಿನೈದು ದಿನ ಬಿಟ್ಟು ಅದೇ ಬಗೆಯ ಬೇರೆ ಅಂಕಿಗಳನ್ನು ಬೆರಕೆ ಹಾಳೆಯಲ್ಲಿ ಕೊಡಿ. ಲೆಕ್ಕ ಶುರು ಮಾಡುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಅಂತ ಬರೆಯಲಿ. 504ರಲ್ಲಿ 248 ಅಂದರೆ ಹೆಚ್ಚುಕಡಿಮೆ 250 ಅಂದ ಮಗುವಿಗೆ, ಕೊನೆಗೆ 166 ಬಂದಾಗ ತಾನೇ ಅನುಮಾನ ಬರುತ್ತದೆ. ಮುಗಿದ ಮೇಲೆ ಉತ್ತರಕ್ಕೆ ಕೆಳಗಿನ ಸಂಖ್ಯೆ ಕೂಡಿಸಿ ತಾಳೆ ನೋಡಲಿ.

ಹಳೆ ದೋಷ ಹೋಗಿ ಹೊಸದೊಂದು ಬಂದರೆ ಗಾಬರಿಯಾಗಬೇಡಿ. ಸೊನ್ನೆಯ ಲೆಕ್ಕದಲ್ಲಿ ಇದು ಮಾಮೂಲು: ಹೋದ ವಾರ 166 ಬರೆದ ಮಗು ಈ ವಾರ 266 ಬರೆಯುತ್ತದೆ. 90 ಕಳೆದುಕೊಳ್ಳುತ್ತಿದ್ದ ಮಗು ಈಗ 10 ಮಾತ್ರ ಜಾಸ್ತಿ ಬರೆದಿದೆ. ನೂರು ಚಿಲ್ಲರೆಯಾಗುವುದು ಅದಕ್ಕೆ ಗೊತ್ತಾಗಿದೆ, ಎರಡನೇ ಸಲದ ಚಿಲ್ಲರೆ ಮಾತ್ರ ಬಾಕಿ. ನೋಟುಗಳನ್ನು ಮತ್ತೆ ತೆಗೆದು ಆ ಒಂದು ಹೆಜ್ಜೆಯನ್ನಷ್ಟೇ ಮಾಡಿಸಿ. ಅದು ಸರಿಯಾದ ಮೇಲೆ ಎರಡು ಸೊನ್ನೆ ಒಟ್ಟಿಗೆ ಇರುವ 1002 − 467 ಕೊಟ್ಟು ನೋಡಿ. ಯಾರ ನೆರವೂ ಇಲ್ಲದೆ 535 ಬರೆದು, ಕೂಡಿಸಿ ತಾಳೆ ನೋಡಿದರೆ ಆ ಮಗುವಿನ ಹೆಸರಿನ ಮುಂದಿನ ಟಿಪ್ಪಣಿಯನ್ನು ಹೊಡೆದುಹಾಕಬಹುದು.